ಅಂಜಿನಮ್ಮನ ಮುಖ

ಬಸವನಗುಡಿ, ಬೆಂಗಳೂರು
೧೧ ಏಪ್ರಿಲ್ ೧೯೪೮

ಅಕ್ಕ ರಾಮಕ್ಕನಿಗೆ, ತಮ್ಮ ಮುನಿಕೃಷ್ಣಪ್ಪ ಮಾಡುವ ನಮಸ್ಕಾರ.

ಐದೂವರೆ ವರ್ಷದ ಮೇಲೆ ನನ್ನ ಕೈಬರಹ ಕಂಡು ನಿನಗೆ ಆಶ್ಚರ್ಯವಾಗಬಹುದು. ನಾನು ಇಲ್ಲಿ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದೇನೆ. ಪತ್ರಿಕೆಗಳಲ್ಲಿ ನನ್ನ ಲೇಖನಗಳು ಬರುತ್ತಿರುತ್ತವೆ, ಸಭೆಗಳಿಗೂ ಕರೆಯುತ್ತಾರೆ. ನಮ್ಮ ಊರು ಮತ್ತಿಗಿರಿಯವರೆಗೆ ಆ ಪತ್ರಿಕೆಗಳು ಬರುವುದಿಲ್ಲವಾದ್ದರಿಂದ ನೀನು ನೋಡಿರಲಾರೆ.

ಬರೆಯಲು ಕಾರಣವಿದೆ. ಚಾಮರಾಜಪೇಟೆಯಲ್ಲಿ ಗೋಪಾಲಪ್ಪ ಎಂಬ ಜವಳಿ ವ್ಯಾಪಾರಿಗಳಿದ್ದಾರೆ. ಬಿಳಿಯರು ದೇಶ ಬಿಟ್ಟು ಹೋಗುವಾಗ ಹರಾಜಿಗೆ ಹಾಕಿದ ಸಾಮಾನುಗಳಲ್ಲಿ ಒಂದಷ್ಟು ಚಿತ್ರಗಳನ್ನು ಕೊಂಡುಕೊಂಡಿದ್ದಾರೆ. ಕಳೆದ ಭಾನುವಾರ ಅವರ ಮನೆಗೆ ಹೋದರೆ ನಡುಮನೆಯ ಗೋಡೆಯ ಮೇಲೆ ನಮ್ಮ ಅಜ್ಜಿ ಅಂಜಿನಮ್ಮ ಕುಳಿತಿದ್ದಳು! ತಳಿ ರಸ್ತೆಯ ಬಂಗಲೆಯ ದೊರೆಸಾನಿ ಬರೆದಳಲ್ಲ, ಅದೇ ಚಿತ್ರ.

ಚಿತ್ರಕಲೆ ನಿನಗೆ ಹೊಸ ವಿಷಯ, ಆದ್ದರಿಂದ ಸುಲಭವಾಗಿ ಹೇಳುತ್ತೇನೆ. ಅಜ್ಜಿ ಒಂದು ಸಣ್ಣ ಮಣೆಯ ಮೇಲೆ ಕುಳಿತಿದ್ದಾಳೆ. ತಲೆಯ ಮೇಲೆ ಸೆರಗಿಲ್ಲ, ನರೆಗೂದಲು ಬಯಲಾಗಿದೆ. ಅದು ಮಾನ ಕಳೆದುಕೊಂಡ ನಮ್ಮ ನಾಡು. ಕಿವಿಯ ತೂತು ಬರಿದಾಗಿ ಜೋತಾಡುತ್ತಿದೆ. ಅದು ಪರದೇಶದವರು ದೋಚಿದ ಸಂಪತ್ತು. ಎಡಗೈ ಮುಷ್ಟಿ ಬಿಗಿದಿದೆ, ಅದರಲ್ಲಿ ಅಡಗಿಸಿಟ್ಟ ಸಿಟ್ಟಿದೆ. ಕಣ್ಣು ಮಾತ್ರ ನಮ್ಮನ್ನು ನೋಡುವುದಿಲ್ಲ, ಕೆಳಗೆ ಎಲ್ಲೋ ಒಂದು ಕಡೆ ನೆಟ್ಟಿದೆ. ಅಕ್ಕಾ, ಆ ಕಣ್ಣಿನ ದುಃಖವನ್ನು ಕಂಡವರು ಬೇಗ ಮರೆಯಲಾರರು. ಅದು ಒಬ್ಬ ಮುದುಕಿಯ ದುಃಖವಲ್ಲ, ದಾಸ್ಯದಲ್ಲಿದ್ದ ತಾಯಿಯ ದುಃಖ. ಹಳ್ಳಿಯ ಹೆಂಗಸಾದ ಅಜ್ಜಿಗೆ ತನ್ನ ಮುಖ ಏನು ಹೇಳುತ್ತಿದೆ ಎಂದು ತಿಳಿದಿರಲಿಲ್ಲ. ದೊರೆಸಾನಿಗೂ ತಿಳಿದಿರಲಿಲ್ಲ.

ಆಗಸ್ಟ್ ಹದಿನೈದರ ವಿಶೇಷ ಸಂಚಿಕೆಗೆ ಈ ಚಿತ್ರದ ಮೇಲೆ ಬರೆಯಲು ಸಂಪಾದಕರು ಒಪ್ಪಿಸಿದ್ದಾರೆ. 'ದುಃಖಿತ ಭಾರತಿ' ಎಂದು ಹೆಸರಿಟ್ಟಿದ್ದೇನೆ. ಆಕೆಯ ಮೊಮ್ಮಗನೇ ನಲವತ್ತೆರಡರ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಸೆರೆಮನೆ ಕಂಡವನು ಎಂಬುದೂ ಬರುತ್ತದೆ. ನೀನು ಇಷ್ಟು ತಿಳಿಸು: ಅಜ್ಜಿ ಎಷ್ಟು ದಿನ ಕುಳಿತಳು, ಆಗ ಅವಳ ವಯಸ್ಸೆಷ್ಟು, ಏನಾದರೂ ಹೇಳಿದ್ದಳೇ.

ಬಿಡುಗಡೆಯಾಗಿ ಬಂದ ದಿನ ನಾನು ಕೋಪದಲ್ಲಿ ಅಜ್ಜಿಗೆ ನಾಲ್ಕು ಮಾತು ಆಡಿ ಮನೆ ಬಿಟ್ಟು ಬಂದದ್ದು ನಿಜ. ಚಿತ್ರ ನೋಡಿದ ಮೇಲೆ ನಾನು ಅವಳನ್ನು ಕ್ಷಮಿಸಿದ್ದೇನೆ. ಇದನ್ನು ನಿನಗೆ ಮೊದಲು ಹೇಳಬೇಕೆನ್ನಿಸಿತು.

ಭಾವನವರಿಗೆ ನನ್ನ ವಂದನೆ.

ನಿನ್ನ ತಮ್ಮ,
ಮುನಿಕೃಷ್ಣಪ್ಪ


ಮತ್ತಿಗಿರಿ
೨ ಮೇ ೧೯೪೮

ಬೆಂಗಳೂರಿನ ಕನ್ನಡ ಪಂಡಿತರಾದ ಮಹಾರಾಜಶ್ರೀ ಮುನಿಕೃಷ್ಣಪ್ಪನವರಿಗೆ,

ತಮ್ಮ ಕಾಗದ ತಲುಪಿ ಹದಿನೈದು ದಿನವಾಯಿತು. ರಾಗಿ ಹೊಲಕ್ಕೆ ಗೊಬ್ಬರ ಹೊಡೆಸುವುದಿತ್ತು, ಆದ್ದರಿಂದ ತಮಗೆ ಬರೆಯುವುದು ತಡವಾಯಿತು. ನಾನು ಬೋರ್ಡು ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವಳು. ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದಿಕೊಳ್ಳಿ.

ಕೇಳಿದ್ದಕ್ಕೆ ಉತ್ತರ. ಅಜ್ಜಿಗೆ ಆಗ ಎಪ್ಪತ್ತು ದಾಟಿತ್ತು. ಹನ್ನೊಂದು ದಿನ ಕುಳಿತಳು.

ಸೆರಗು ತೆಗೆಸಿದವಳು ದೊರೆಸಾನಿ, ಬಿಳಿ ಕೂದಲಿನ ಮೇಲೆ ಬಿಸಿಲು ಬಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು. ಅಜ್ಜಿ ಎರಡು ಸಲ ಎಳೆದುಕೊಂಡಳು, ಎರಡು ಸಲವೂ ಅವಳೇ ಬಂದು ಕೈಯಾರೆ ತೆಗೆದಳು. ಇದನ್ನು ನೋಡುತ್ತಾ ಕುದುರೆ ನೋಡುವವನು, ತೋಟದವನು, ನೀರು ಹೊರುವವನು ಎಲ್ಲರೂ ಜಗುಲಿಯ ಮುಂದೆ ಓಡಾಡುತ್ತಿದ್ದರು. ಕಿವಿಯ ಓಲೆ ನಮ್ಮ ತಾತ ಸತ್ತಾಗ ತೆಗೆದದ್ದು. ಬ್ರಿಟಿಷರು ಬಂದು ಕಿತ್ತುಕೊಂಡು ಹೋಗಲಿಲ್ಲ. ಮುಷ್ಟಿಯೊಳಗೆ ಇದ್ದದ್ದು ಹೊಗೆಸೊಪ್ಪು. ಮಧ್ಯಾಹ್ನದವರೆಗೆ ಬಾಯಿಗೆ ಹಾಕಕೂಡದೆಂದು ಅಡುಗೆಯವಳು ಹೇಳಿದ್ದರಿಂದ ಕೈಯಲ್ಲೇ ಅದುಮಿಟ್ಟುಕೊಂಡಿದ್ದಳು. ಇನ್ನು ಕಣ್ಣು. ದೊರೆಸಾನಿಯ ಕಾಲ ಬಳಿ ಕರುವಿನಷ್ಟೆತ್ತರದ ನಾಯಿಯೊಂದು ಮಲಗಿರುತ್ತಿತ್ತು. ಅದು ಯಾವಾಗ ಎದ್ದೀತೋ ಎಂದು ಅಜ್ಜಿ ಅದನ್ನೇ ನೋಡುತ್ತಿದ್ದಳು. ತಮ್ಮ ದುಃಖಿತ ಭಾರತಿ ನಾಯಿಗೆ ಹೆದರಿಕೊಂಡು ಕುಳಿತಿದ್ದಾಳೆ. ಬರೆದುಕೊಳ್ಳಿ.

ಕಡೆಯ ಸಾಲಿಗೆ ಬರುತ್ತೇನೆ. ಕ್ಷಮಿಸಿದ್ದೇನೆ ಎಂದು ಬರೆದಿದ್ದೀಯ. ಆ ಸಾಲನ್ನು ಮೂರು ಸಲ ಓದಿದೆ. ಅಪ್ಪ ಅಮ್ಮ ಒಂದೇ ವಾರದಲ್ಲಿ ಹೋದಾಗ ನಿನಗಿನ್ನೂ ಹಲ್ಲು ಬಂದಿರಲಿಲ್ಲ, ನನಗೆ ಹತ್ತು ವರ್ಷ. ಅಜ್ಜಿ ಮೊಸರು ಮಾರಿ ನಿನ್ನನ್ನು ಕೃಷ್ಣಗಿರಿಗೆ, ಸೇಲಂಗೆ ಓದಲು ಕಳಿಸಿದಳು. ನೀನು ಲಾಕಪ್ಪಿನಿಂದ ಬಂದ ದಿನ ಅವಳು ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಬೀದಿಯವರೆಲ್ಲ ನೋಡುತ್ತಿದ್ದರು. ನೀನು ಆಡಿದ ಮಾತು ನಿನಗೆ ಮರೆತಿದ್ದರೆ ಜ್ಞಾಪಿಸುತ್ತೇನೆ. "ಬಿಳೀ ಹೆಂಗಸಿನ್ ಮುಂದೆ ಕುಂತು ಮಕ ಮಾರ್ಕೊಂಡೋಳ ಕೈಯಾಗೆ ನಾನು ಉಣ್ಣಾಕಿಲ್ಲ" ಎಂದು ತಟ್ಟೆ ತಳ್ಳಿ, ಅವಳ ಕಾಲ ಮುಂದೆ ಉಗಿದು ಹೊರಟುಹೋದೆ. ಎರಡು ವರ್ಷವಾದ ಮೇಲೆ ಸತ್ತಳು. ನಿನ್ನ ಭಾವ ಹೊಸೂರಿಗೆ ನಡೆದುಹೋಗಿ ತಂತಿ ಕೊಟ್ಟರು. ನೀನು ಬರಲಿಲ್ಲ. ಬೆಂಕಿ ಇಟ್ಟವರು ಅವರು.

ಈಗ ನೀನು ಕ್ಷಮಿಸಿದ್ದೀಯ. ಅವಳು ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ.

ಇಂತಿ,
ಹಳ್ಳಿಯ ಹೆಂಗಸು ರಾಮಕ್ಕ


ಬಸವನಗುಡಿ, ಬೆಂಗಳೂರು
೯ ಮೇ ೧೯೪೮

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದದಲ್ಲಿ ವ್ಯಂಗ್ಯ ಬಿಟ್ಟರೆ ನನಗೆ ಉಪಯೋಗವಾಗುವುದು ಹೆಚ್ಚೇನೂ ಇರಲಿಲ್ಲ. ಸೆರಗಿನ ವಿಷಯ ಮಾತ್ರ ಬರೆದುಕೊಂಡಿದ್ದೇನೆ, ಅದು ಲೇಖನಕ್ಕೆ ಬೇಕು. ನಾಯಿ, ಹೊಗೆಸೊಪ್ಪು ಇವನ್ನೆಲ್ಲ ಬಿಟ್ಟಿದ್ದೇನೆ. ಒಂದು ದೊಡ್ಡ ಚಿತ್ರವನ್ನು ನಾಯಿಯ ಮಟ್ಟಕ್ಕೆ ಇಳಿಸುವುದಕ್ಕೆ ನಾಲ್ಕನೇ ಕ್ಲಾಸು ಸಾಕು. ಅದನ್ನು ಎತ್ತಿ ನೋಡುವುದಕ್ಕೆ ಬೇರೆ ಕಣ್ಣು ಬೇಕು. ಗೋಪಾಲಪ್ಪನವರ ಮನೆಗೆ ದೊಡ್ಡ ದೊಡ್ಡ ವಕೀಲರು, ಡಾಕ್ಟರುಗಳು ಬರುತ್ತಾರೆ. ನಾನು ಚಿತ್ರದ ಮುಂದೆ ನಿಂತು ವಿವರಿಸಿದಾಗ ಒಬ್ಬ ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಾಯಿಗಾಗಿ ಅಳಲಿಲ್ಲ.

ತಂತಿಯ ಮಾತು ಎತ್ತಿದ್ದೀಯ. ಆಗ ನಾನು ಒಂದು ಸಮ್ಮೇಳನಕ್ಕೆಂದು ಧಾರವಾಡಕ್ಕೆ ಹೋಗಿದ್ದೆ. ಬಂದು ನೋಡುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಆಮೇಲೆ ಬಂದು ಮಾಡುವುದೇನಿತ್ತು?

ನಾನು ಆ ದಿನ ಆಡಿದ ಮಾತಿಗೆ ಅರ್ಥವಿರಲಿಲ್ಲವೇ, ನೀನೇ ಯೋಚಿಸು. ನಾವು ಮೂವರು ಹುಡುಗರು ಕೃಷ್ಣಗಿರಿ ರಸ್ತೆಯಲ್ಲಿ ತಂತಿ ಕತ್ತರಿಸಿ ಒಳಗೆ ಕುಳಿತಿರುವಾಗ ನಮ್ಮ ಅಜ್ಜಿ ಹೋಗಿ ಬಿಳಿ ಹೆಂಗಸಿನ ಜಗುಲಿಯಲ್ಲಿ ಬೊಂಬೆಯಂತೆ ಕುಳಿತಳು. ಏತಕ್ಕೆ? ಹಳೆಯ ಕಂಬಳಿಗೋ, ಬಿಸ್ಕತ್ತಿನ ಡಬ್ಬಕ್ಕೋ? ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಬಡತನ ಅವಳನ್ನು ಅಲ್ಲಿಗೆ ಕೊಂಡೊಯ್ದಿತು ಎಂದು ಲೇಖನದಲ್ಲಿ ಮೃದುವಾಗಿ ಹೇಳುತ್ತೇನೆ. ಅವಳ ಮರ್ಯಾದೆ ಕಾಪಾಡುವುದಕ್ಕೆ ನನ್ನಿಂದ ಆಗುವುದು ಅಷ್ಟೇ.

ನಿನಗೆ ಬೇಕೆನಿಸಿದರೆ ಸಂಚಿಕೆಯ ಒಂದು ಪ್ರತಿ ಕಳಿಸುತ್ತೇನೆ.

ಮುನಿಕೃಷ್ಣಪ್ಪ


ಮತ್ತಿಗಿರಿ
೩೦ ಮೇ ೧೯೪೮

ಮುನಿಕೃಷ್ಣ,

ಅವಳ ಮರ್ಯಾದೆ ನೀನು ಕಾಪಾಡುವುದು ಬೇಡ. ಏತಕ್ಕೆ ಕುಳಿತಳು ಎಂದು ನೀನು ಕೇಳುವುದಿಲ್ಲವಂತೆ. ಕೇಳದಿದ್ದರೂ ಹೇಳುತ್ತೇನೆ. ಸಮ್ಮೇಳನಗಳ ನಡುವೆ ಬಿಡುವಾದಾಗ ಓದಿಕೋ.

ನಿಮ್ಮನ್ನು ಹಿಡಿದ ಮಾರನೆಯ ಬೆಳಿಗ್ಗೆ ಅಜ್ಜಿ ಮೊಸರಿನ ಗಡಿಗೆಯನ್ನೂ ತೆಗೆದುಕೊಳ್ಳದೆ ಬಂಗಲೆಗೆ ಹೋದಳು. ನಾನು ಅವಳ ಹಿಂದೆ ಓಡಿದೆ. ಆ ದೊರೆ ದಂಡಿನಲ್ಲಿದ್ದು ಪಿಂಚಣಿ ಪಡೆದವನು, ಕಲೆಕ್ಟರನ ಜೊತೆ ಜವಳಗಿರಿ ಕಾಡಿಗೆ ಬೇಟೆಗೆ ಹೋಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ದೊರೆ ಮನೆಯಲ್ಲಿರಲಿಲ್ಲ. ಅಜ್ಜಿ ದೊರೆಸಾನಿಯ ಬೂಟಿನ ಮೇಲೆ ಬಿದ್ದಳು. ಅಡುಗೆಯ ಶ್ಯಾಮಲಮ್ಮ ನಡುವೆ ನಿಂತು ಅತ್ತಲಿಂದಿತ್ತ ಮಾತು ತಿರುಗಿಸಿದಳು. ದೊರೆಸಾನಿ ಅಜ್ಜಿಯ ಗಲ್ಲ ಹಿಡಿದೆತ್ತಿ, ಸಂತೆಯಲ್ಲಿ ದನ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಶ್ಯಾಮಲಮ್ಮ ಹೇಳಿದಳು: "ಅಮ್ಮಾವ್ರಿಗೆ ನಿನ್ ಮಕ ಬೇಕಂತೆ. ಮುಗಿಯೋಗಂಟ ದಿನಾ ಬಂದು ಕುಂತ್ಕೊಂಡ್ರೆ ದೊರೆ ಕೈಲಿ ಒಂದ್ ಮಾತು ಹೇಳಿಸ್ತಾರಂತೆ."

ಅಜ್ಜಿ ಅಲ್ಲೇ ಕುಳಿತಳು. ಮಣೆ ತರುವುದಕ್ಕೂ ಕಾಯಲಿಲ್ಲ.

ಹನ್ನೊಂದು ದಿನ. ಬೆಳಿಗ್ಗೆ ಎಂಟಕ್ಕೆ ಹೋದರೆ ಸೂರ್ಯ ನೆತ್ತಿಗೆ ಬರುವತನಕ ಅಲುಗಾಡುವಂತಿರಲಿಲ್ಲ. ಸೊಂಟ ಹಿಡಿದುಕೊಂಡು ಸಂಜೆ ನೆಲದ ಮೇಲೆ ತೆವಳುತ್ತಿದ್ದಳು, ನಾನು ಬಿಸಿನೀರು ಹಾಕುತ್ತಿದ್ದೆ. ಹನ್ನೆರಡನೆಯ ದಿನ ನಿನ್ನನ್ನು ಬಿಟ್ಟರು. ನಿನ್ನ ಜೊತೆಗಿದ್ದ ಅವಲಪಲ್ಲಿಯ ಚಿನ್ನಸ್ವಾಮಿಗೆ, ಜವಳಗಿರಿಯ ಆ ಇನ್ನೊಬ್ಬ ಹುಡುಗನಿಗೆ, ಹದಿನೆಂಟು ತಿಂಗಳು ಬಿತ್ತು. ಅವರಿಗೆ ಕುಳಿತುಕೊಳ್ಳುವ ಅಜ್ಜಿ ಇರಲಿಲ್ಲ. ಚಿನ್ನಸ್ವಾಮಿ ವೆಲ್ಲೂರು ಜೈಲಿನಿಂದ ಬಂದವನು ಇಂದಿಗೂ ಕೋಲು ಹಿಡಿದೇ ನಡೆಯುತ್ತಾನೆ.

ಪೊಲೀಸರು ಸಾಕ್ಷಿ ಸಿಗದೆ, ಜನಕ್ಕೆ ಹೆದರಿ ನಿನ್ನನ್ನು ಬಿಟ್ಟರೆಂದು ನೀನು ಸಭೆಗಳಲ್ಲಿ ಹೇಳುತ್ತೀಯಂತೆ. ಹೊಸೂರಿನವರು ಯಾರೋ ಕೇಳಿಕೊಂಡು ಬಂದು ನಿನ್ನ ಭಾವನಿಗೆ ಹೇಳಿದರು. ಅವರು ನಗಲೂ ಇಲ್ಲ, ಎಲೆಯಡಿಕೆ ಉಗಿದು ಎದ್ದು ಹೋದರು.

ನೀನು ಯಾರ ಮುಖ ನೋಡಿ ಉಗಿದೆಯೋ ಆ ಮುಖವೇ ನಿನ್ನನ್ನು ಹೊರಗೆ ತಂದದ್ದು. ಈಗ ಇದನ್ನು ಅಚ್ಚು ಹಾಕಿಸು, ನೋಡೋಣ. ನಿನ್ನ ವಕೀಲರು ಯಾವ ಕಣ್ಣು ಒರೆಸಿಕೊಳ್ಳುತ್ತಾರೋ ತಿಳಿಸು.

ರಾಮಕ್ಕ


ಬಸವನಗುಡಿ, ಬೆಂಗಳೂರು
೧೮ ಜುಲೈ ೧೯೪೮

ಅಕ್ಕಾ,

ನಿನ್ನ ಕಾಗದ ಬಂದು ಆರು ವಾರದ ಮೇಲಾಯಿತು. ಆರು ಸಲ ಉತ್ತರ ಬರೆದು ಹರಿದೆ. ನೀನು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಂಡು, 'ನನ್ನನ್ನು ಬಿಡಿಸಿದವಳು ನನ್ನ ಅಜ್ಜಿ' ಎಂದು ಲೇಖನ ತಿದ್ದಿ ಬರೆದೆ. ಸಂಪಾದಕರು ಓದಿ ಬೆನ್ನು ತಟ್ಟಿದರು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ, ಓದುಗರು ಕರಗಿಹೋಗುತ್ತಾರೆ ಎಂದರು. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಲೇಖನ ವಾಪಸು ತಂದೆ. ಯಾಕೆಂದು ನಿನಗೆ ಒಬ್ಬಳಿಗೆ ಹೇಳುತ್ತೇನೆ.

ನನ್ನನ್ನು ಬಿಡಿಸಿದ್ದು ಅಜ್ಜಿಯಲ್ಲ.

ಹಿಡಿದ ನಾಲ್ಕನೆಯ ದಿನ ನನ್ನೊಬ್ಬನನ್ನೇ ಆಫೀಸು ಕೋಣೆಗೆ ಕರೆದರು. ಒಬ್ಬ ಅಧಿಕಾರಿ, ತಮಿಳಿನವರು, ನಯವಾಗಿ ಮಾತನಾಡಿದರು. ಹೊಡೆಯಲಿಲ್ಲ. ಹೊಡೆದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ಮುಂದಿನ ಓದು, ಸರ್ಕಾರಿ ನೌಕರಿ ಎಲ್ಲ ಹೋಗುತ್ತದೆ, ಬರೆದುಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದರು. ನಾನು ಬರೆದುಕೊಟ್ಟೆ. ಇತರರ ಮಾತು ಕೇಳಿ ಕೆಟ್ಟೆ, ಇನ್ನು ಮುಂದೆ ಸರ್ಕಾರಕ್ಕೆ ವಿಧೇಯನಾಗಿರುತ್ತೇನೆ, ದಯವಿಟ್ಟು ಮನ್ನಿಸಬೇಕು. ಎಂಟು ಸಾಲು. ಕಾಗುಣಿತ ತಪ್ಪಿಲ್ಲದೆ ಬರೆದೆ. ಕೆಳಗೆ ಸಹಿ ಹಾಕಿದೆ. ಕಾಗದ ಸೇಲಂಗೆ ಹೋಗಿ ಹುಕುಂ ಬರುವವರೆಗೆ ಸುಮ್ಮನಿರು ಎಂದರು. ವಾಪಸು ಬಂದು ಚಿನ್ನಸ್ವಾಮಿಯ ಪಕ್ಕದಲ್ಲಿ ಮಲಗಿದೆ. ವಿಚಾರಣೆ ಮಾಡಿದರು, ಬಾಯಿ ಬಿಡಲಿಲ್ಲ ಎಂದು ಅವನಿಗೆ ಹೇಳಿದೆ.

ಬಿಡುಗಡೆಯಾದ ದಿನ ಮತ್ತಿಗಿರಿಗೆ ನಡೆದು ಬರುವ ದಾರಿಯಲ್ಲೇ ಅಜ್ಜಿ ಬಂಗಲೆಗೆ ಹೋಗುತ್ತಿದ್ದ ಸುದ್ದಿ ಕೇಳಿದೆ. ನನಗೆ ಆದದ್ದು ಕೋಪವಲ್ಲ, ಅಕ್ಕಾ. ಸಮಾಧಾನವಾಯಿತು. ನನಗಿಂತ ಕೆಳಗೆ ಒಬ್ಬರು ಸಿಕ್ಕಿದರಲ್ಲ ಎಂದು. ಅದಕ್ಕೇ ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದೆ.

ಅವಳು ಹನ್ನೊಂದು ದಿನ ಸೊಂಟ ಮುರಿದುಕೊಂಡು ಕುಳಿತದ್ದರಿಂದ ಏನೂ ಆಗಲಿಲ್ಲ. ಇಷ್ಟು ವರ್ಷ ನೀನು ನಂಬಿಕೊಂಡು ಬಂದದ್ದನ್ನು ಕಿತ್ತುಕೊಳ್ಳುತ್ತಿದ್ದೇನೆ, ಅದೂ ಗೊತ್ತು. ಆದರೂ ಇನ್ನು ಸುಳ್ಳು ಹೇಳಲಾರೆ. ಆಗಸ್ಟ್ ಹದಿನೈದರ ಸಂಚಿಕೆಯಲ್ಲಿ ಇದೆಲ್ಲವನ್ನೂ ನನ್ನ ಹೆಸರು ಹಾಕಿ ಬರೆಯಬೇಕೆಂದಿದ್ದೇನೆ. ಜನ ಏನು ಬೇಕಾದರೂ ಅನ್ನಲಿ. ಕನ್ನಡಿ ನೋಡಿಕೊಂಡರೆ ನನಗೇ ಅಸಹ್ಯವಾಗುತ್ತದೆ.

ಮುನಿ


ಮತ್ತಿಗಿರಿ
೨೭ ಜುಲೈ ೧೯೪೮

ಮುನಿ,

ನಿನ್ನ ಕಾಗದ ಓದಿದೆ. ನಿನ್ನ ಭಾವನಿಗೆ ಓದಿ ಹೇಳಲಿಲ್ಲ.

ನೀನು ನನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ. ನೀನು ಬರೆದುಕೊಟ್ಟದ್ದು ನನಗೆ ಗೊತ್ತಿತ್ತು. ಮೇ ತಿಂಗಳಲ್ಲಿ ನಾನು ಬರೆದದ್ದು ಅರ್ಧ ಸುಳ್ಳೆಂದು ಗೊತ್ತಿದ್ದೇ ಬರೆದೆ. ನೀನು ಅದನ್ನು ನುಂಗಿಕೊಂಡು ಅದರ ಮೇಲೂ ಒಂದು ಭಾಷಣ ಮಾಡುತ್ತೀಯೋ, ಇಲ್ಲ ಕಕ್ಕುತ್ತೀಯೋ ನೋಡಬೇಕಿತ್ತು. ಮೊದಲು ನುಂಗಿ ಆಮೇಲೆ ಕಕ್ಕಿದೆ. ಅಷ್ಟಾದರೂ ಆಯಿತಲ್ಲ.

ಅವನಾಗಿ ಬಾಯಿ ಬಿಡುವತನಕ ನೀನು ಬಿಡಬೇಡ ಎಂದು ಅಜ್ಜಿ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಈಗ ಬಿಟ್ಟಿದ್ದೀಯ, ಹೇಳುತ್ತೇನೆ.

ಮೊದಲ ಐದು ದಿನ ಅವಳು ಬಂಗಲೆಗೆ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋದಳು, ಯಾರ ಕಣ್ಣಿಗೂ ಬೀಳಬಾರದೆಂದು. ಕೇಳಿದವರಿಗೆ ದಿನದ ಮೊಸರು ಕೊಡುವ ವರ್ತನೆಗೆ ಎನ್ನುತ್ತಿದ್ದಳು. ಆರನೆಯ ದಿನ ನೆಟ್ಟಗೆ ಅಂಗಡಿ ಬೀದಿಯಲ್ಲಿ ಹೊರಟಳು. ಬಾವಿಯ ಹತ್ತಿರ ನಿಂತು, ಕೇಳದವರಿಗೂ ಕರೆದು ಹೇಳಿದಳು, ದೊರೆಸಾನಿಯ ಮುಂದೆ ಕುಳಿತು ಬರುತ್ತೇನೆ, ಮೊಮ್ಮಗನನ್ನು ಅವಳು ಬಿಡಿಸಿಕೊಡುತ್ತಾಳೆ ಎಂದು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದ ಮೇಲೆ ಬಾಯಿಗೆ ಬಂದಂತೆ ಬೈದೆ. ಮಾಡುವ ನಾಚಿಕೆಗೇಡಿನ ಕೆಲಸವನ್ನು ಮುಚ್ಚಿಟ್ಟುಕೊಂಡಾದರೂ ಮಾಡು ಎಂದೆ. ನೀನೊಬ್ಬನೇ ಅಲ್ಲ, ನಾನೂ ಅವಳನ್ನು ಕೀಳಾಗಿ ಕಂಡವಳೇ.

ಸಾಯುವುದಕ್ಕೆ ಮೂರು ದಿನ ಮುಂಚೆ, ಬೆಳಗಿನ ಬಿಸಿಲಿಗೆ ಹೊರಗೆ ಮಲಗಿಸಿದ್ದಾಗ ಹೇಳಿದಳು. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುತ್ತಿದ್ದ ವೆಂಕಟರಮಣಪ್ಪ ನಿನಗೆ ಜ್ಞಾಪಕವಿರಬೇಕು, ಈಗಿಲ್ಲ. ನಿನ್ನ ತಪ್ಪೊಪ್ಪಿಗೆಯ ಕಾಗದಕ್ಕೆ ನಕಲು ತೆಗೆದವನು ಅವನೇ. ಐದನೆಯ ದಿನ ಅಜ್ಜಿಯನ್ನು ದಾರಿಯಲ್ಲಿ ನಿಲ್ಲಿಸಿ ಗುಟ್ಟಾಗಿ ಹೇಳಿದನಂತೆ. ಅವಳ ಮಾತನ್ನು ಅವಳು ಆಡಿದ ಹಾಗೇ ಬರೆಯುತ್ತೇನೆ.

"ಮುನಿ ತೆಪ್ಪಾಯ್ತು ಅಂತ ಬರ್ಕೊಟ್ಟವ್ನೆ, ಇನ್ನೊಂದ್ ವಾರಕ್ಕೆ ಬಿಡ್ತಾರೆ, ನೀನ್ಯಾಕಮ್ಮ ಹೋಗಿ ಕುಂತ್ಕೊಂತೀಯಾ ಅಂದ. ಮೂರ್ ಜನದಾಗೆ ಇವ್ನೊಬ್ಬನ್ನೇ ಬಿಟ್ರೆ ಊರೋರು ಯಾಕೆ ಬಿಟ್ರು ಅಂತ ಕೇಳಾಕಿಲ್ವಾ? ಕೇಳ್ದಾಗ ಹೇಳಾಕೆ ಒಂದ್ ಮಾತು ಬೇಕಲ್ಲ. ಅಜ್ಜಿ ದೊರೆಸಾನಿ ಕಾಲು ಹಿಡಿದು ಬಿಡಿಸ್ಕೊಂಡ್ಳು ಅನ್ಲಿ. ಮುದ್ಕಿಗೆ ನಾಚ್ಕೆ ಏನಿದ್ದಾತು? ಅವ್ನು ಬದುಕ್ಬೇಕಾದೋನು."

ಅದಕ್ಕೇ ಇನ್ನೂ ಆರು ದಿನ ಹೋಗಿ ಕುಳಿತಳು. ದೊರೆಸಾನಿ ಗಂಡನಿಗೆ ಒಂದು ಮಾತು ಹೇಳಿದಳೋ ಇಲ್ಲವೋ, ಅಜ್ಜಿಗೆ ಅದು ಬೇಕಾಗಿಯೇ ಇರಲಿಲ್ಲ. ನೀನು ಬಂದು ಕಾಲ ಮುಂದೆ ಉಗಿದಾಗ ಅವಳು ಒಂದು ಮಾತು ಆಡಿದ್ದರೆ ನಿನ್ನ ಗತಿ ಏನಾಗುತ್ತಿತ್ತು, ನೋಡು. ಬೀದಿ ತುಂಬ ಜನರಿದ್ದರು. ಅವಳು ಬಗ್ಗಿ ಚೆಲ್ಲಿದ ಅನ್ನ ಬಳಿದಳು.

ಚಿತ್ರದ ಅರ್ಥ ಬೇಕೆಂದೆಯಲ್ಲ, ಅದನ್ನೂ ಹೇಳುತ್ತೇನೆ. ನಾಯಿಗೆ ಹೆದರುತ್ತಿದ್ದದ್ದು ಮೊದಮೊದಲು. ಆ ದಿನಗಳಲ್ಲಿ ದೊರೆಸಾನಿ ಬರೆದದ್ದು ಸೀರೆ, ಕೈ, ಹಿಂದಿನ ಕಿಟಕಿ. ಮುಖಕ್ಕೆ ಕೈ ಹಾಕಿದ್ದು ಆರನೆಯ ದಿನದಿಂದ. ಶ್ಯಾಮಲಮ್ಮ ಹೇಳುತ್ತಿದ್ದಳು, ಇವತ್ತು ಮುದುಕಿಯ ಮುಖ ಬೇರೆಯಾಗಿದೆ, ಹೀಗೇ ಇರಲಿ, ಹೀಗೇ ಇರಲಿ ಎಂದು ದೊರೆಸಾನಿ ಕುಣಿದಾಡಿದಳಂತೆ. ಆ ಮುಖದಲ್ಲಿ ಇರುವುದು ನಿನ್ನ ಭಾರತಿಯಲ್ಲ. ತಾನು ಸಾಕಿದ ಹುಡುಗ ಎದೆ ಸೆಟೆಸಿಕೊಂಡು ಹೋಗಿ ನಾಲ್ಕೇ ದಿನಕ್ಕೆ ಹೆದರಿಬಿಟ್ಟನಲ್ಲ, ಇನ್ನು ಜನ್ಮವಿಡೀ ಅದನ್ನು ಮುಚ್ಚಿಕೊಂಡು ಹೇಗೆ ತಿರುಗುತ್ತಾನೆ ಎಂಬ ಸಂಕಟ. ಬೇರೇನೂ ಇಲ್ಲ. ನಿನಗಾಗಿ ದುಃಖಪಟ್ಟಳು, ನಿನ್ನ ಮೇಲೆ ಸಿಟ್ಟಾಗಲಿಲ್ಲ. ನನ್ನಿಂದ ಅದು ಆಗಲಿಲ್ಲ, ಈಗಲೂ ಆಗುವುದಿಲ್ಲ.

ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಿದ್ದೀಯ. ಬರೆಯಬೇಡ. ತಪ್ಪು ಒಪ್ಪಿಕೊಂಡದ್ದಕ್ಕೂ ಹಾರ ಹಾಕುವ ಜನ ಬೆಂಗಳೂರಿನಲ್ಲಿ ಇರುತ್ತಾರೆ, ನೀನು ಅದಕ್ಕೂ ಕತ್ತು ಬಗ್ಗಿಸುತ್ತೀಯ. ಎಷ್ಟು ಧೈರ್ಯವಂತ ಎನ್ನುತ್ತಾರೆ. ನಿನಗೆ ಹೇಳಲೇಬೇಕೆಂದಿದ್ದರೆ ಅವಲಪಲ್ಲಿಗೆ ಹೋಗಿ ಚಿನ್ನಸ್ವಾಮಿಯ ಮುಂದೆ ನಿಂತು ಹೇಳು. ಅಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರುವುದಿಲ್ಲ.

ರಾಮಕ್ಕ


ಹೊಸೂರು, ಛತ್ರದಿಂದ
೨೨ ಆಗಸ್ಟ್ ೧೯೪೮

ಅಕ್ಕಾ,

ವಿಶೇಷ ಸಂಚಿಕೆ ನನ್ನ ಲೇಖನವಿಲ್ಲದೆ ಬಂತು. ಕಾರಣ ಹೇಳಲಿಲ್ಲವೆಂದು ಸಂಪಾದಕರು ಮುನಿಸಿಕೊಂಡಿದ್ದಾರೆ. ಗೋಪಾಲಪ್ಪನವರ ಬಳಿಗೂ ಹೋಗಿದ್ದೆ. ಅವರು ಚಿತ್ರದ ಚೌಕಟ್ಟಿಗೆ ಹಿತ್ತಾಳೆಯ ತಗಡು ಹೊಡೆಸಿ 'ದುಃಖಿತ ಭಾರತಿ' ಎಂದು ಕೆತ್ತಿಸಿದ್ದರು, ನಾನೇ ಕೊಟ್ಟ ಹೆಸರು. ಅದನ್ನು ತೆಗೆಸಿ, ಈಕೆ ಮತ್ತಿಗಿರಿಯ ಅಂಜಿನಮ್ಮ, ನನ್ನ ಅಜ್ಜಿ, ಅಷ್ಟು ಬರೆಸಿ ಎಂದೆ. ನಕ್ಕರು. ಅಂಜಿನಮ್ಮ ಎಂದರೆ ಯಾರು ನಿಂತು ನೋಡುತ್ತಾರೆ ಪಂಡಿತರೇ ಎಂದರು. ತಗಡು ಹಾಗೇ ಇದೆ.

ಇವತ್ತು ಬೆಳಿಗ್ಗೆ ಬಸ್ಸಿಳಿದು ಅವಲಪಲ್ಲಿಗೆ ನಡೆದುಹೋದೆ. ಚಿನ್ನಸ್ವಾಮಿ ಮನೆಯ ಮುಂದೆ ಕಲ್ಲಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿದ, ಕುಳಿತುಕೋ ಎನ್ನಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೇಳಿದ:

"ಗೊತ್ತಿತ್ತು ಕಣ್ಲಾ. ಅವತ್ತು ಆಪೀಸಿಂದ ವಾಪಸ್ ಬಂದಾಗ ನಿನ್ ಬೆರಳಿಗೆಲ್ಲಾ ಮಸಿ ಅಂಟಿತ್ತು. ಬಾಯಿ ಬಿಡ್ದೆ ಇದ್ದೋನ ಬೆರಳಿಗ್ಯಾಕೆ ಮಸಿ ಆಯ್ತದೆ?"

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಆಗ ಹಗ್ಗವನ್ನು ಕೆಳಗಿಟ್ಟ. ಅವನು ವೆಲ್ಲೂರಿನಿಂದ ಬಂದ ಮಾರನೆಯ ದಿನ ಅಜ್ಜಿ ಒಬ್ಬಳೇ ನಡೆದುಕೊಂಡು ಅವಲಪಲ್ಲಿಗೆ ಬಂದಿದ್ದಳಂತೆ. ಅವನ ಕಾಲು ಮುಟ್ಟಿ ನೋಡಿ ಅತ್ತಳಂತೆ. ನನ್ನ ಮೊಮ್ಮಗನ ತಪ್ಪಿಲ್ಲ ಮಗಾ, ನಾನು ಹೋಗಿ ದೊರೆಸಾನಿಯ ಕಾಲು ಹಿಡಿದು ಅವನೊಬ್ಬನನ್ನು ಬಿಡಿಸಿಕೊಂಡೆ, ನಿನ್ನನ್ನು ಬಿಡಿಸಿಕೊಳ್ಳುವುದಕ್ಕೆ ನನಗೆ ಯೋಗ್ಯತೆ ಸಾಲಲಿಲ್ಲ, ಬೈಯುವುದಿದ್ದರೆ ನನ್ನನ್ನು ಬೈಯಿ ಎಂದಳಂತೆ.

"ಸುಳ್ಳು ಹೇಳ್ತವ್ಳೆ ಅಂತ ಗೊತ್ತಿದ್ದೂ ಹೂಂ ಅಂದೆ" ಎಂದ ಚಿನ್ನಸ್ವಾಮಿ. "ಆ ಮುದ್ಕಿ ಮಕ ನೋಡಿ ಸುಮ್ಕಿದ್ದೆ. ನಿನ್ ಮಕ ನೋಡಿ ಅಲ್ಲ."

ಆಮೇಲೆ ಕೋಲು ಹಿಡಿದು ಎದ್ದು ಒಳಗೆ ಹೋದ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅವನು ಹೊರಗೆ ಬರಲಿಲ್ಲ.

ಮುನಿ